ಹೇಂಟೆ, ಕರಡಿ, ಮೇಷ್ಟ್ರು: ಸಿಂಫನಿಗಳಿಗೆ ನಾವೂ ಅಡ್ಡಹೆಸರು ಇಡಬಹುದೇ?

ಪ್ರಶ್ನೆ: ಪ್ರತಿ ಭಾನುವಾರ ತಿಂಡಿ ಮುಗಿಸಿ ನಾನೂ ನನ್ನ ಹನ್ನೊಂದು ವರ್ಷದ ಮಗಳೂ ಒಂದು ಸಿಂಫನಿ, ಅಂದರೆ ವಾದ್ಯವೃಂದಕ್ಕಾಗಿ ಬರೆದ ಹಲವು ಭಾಗಗಳ ಪಾಶ್ಚಾತ್ಯ ಕೃತಿ, ಕೇಳುತ್ತೇವೆ. ಹದಿನೆಂಟನೆಯ ಶತಮಾನದ ಆಸ್ಟ್ರಿಯದ ಸಂಯೋಜಕ ಹೈಡನ್‌ನಿಂದ ಆರಂಭಿಸಿದ್ದೇವೆ. ಸಂಖ್ಯೆಗಳು ಅವಳ ನೆನಪಿನಲ್ಲಿ ನಿಲ್ಲುವುದಿಲ್ಲ, ಹಾಗಾಗಿ ತಾನೇ ಒಂದೊಂದಕ್ಕೂ ಹೆಸರಿಡುತ್ತಾಳೆ. 93ನೆಯದಕ್ಕೆ ‘ಹೂಸಿನ ಸಿಂಫನಿ’ ಎಂದು ಹೆಸರಿಟ್ಟಿದ್ದಾಳೆ. ಪಾಶ್ಚಾತ್ಯ ಸಂಗೀತ ಬಲ್ಲ ಹಿರಿಯ ಮಿತ್ರರೊಬ್ಬರು ಇದನ್ನು ಕೇಳಿ, ದೊಡ್ಡವರ ಕೃತಿಗಳಿಗೆ ಹೀಗೆ ಹೆಸರಿಡುವುದು ಉದ್ಧಟತನ ಎಂದು ಬೇಸರಪಟ್ಟರು. ‘ಹೇಂಟೆ’, ‘ಕರಡಿ’ ಮುಂತಾದ ಹೆಸರುಗಳನ್ನು ಹೈಡನ್ನನೇ ಇಟ್ಟನೇ? ನಾವು ಇಟ್ಟರೆ ತಪ್ಪೇ? ಇಡುವುದಾದರೆ ಒಳ್ಳೆಯ ಹೆಸರು ಹೇಗಿರಬೇಕು?

ಉತ್ತರ: ಮೊದಲು ನಿಮ್ಮ ಮಗಳ ಪರವಾಗಿ ಎರಡು ಮಾತು. 93ನೆಯ ಸಿಂಫನಿಯ ಎರಡನೆಯ ಭಾಗ ನಾಲ್ಕೇ ತಂತಿವಾದ್ಯಗಳ ಮೆಲುದನಿಯಿಂದ ಆರಂಭವಾಗುತ್ತದೆ. ನಿಧಾನವಾದ, ಬಹಳ ಸಭ್ಯವಾದ ಸಂಗೀತ ಅದು. ಕೊನೆ ಹತ್ತಿರವಾದಂತೆ ವಾದ್ಯಗಳು ಒಂದೊಂದು ಸ್ವರ ನುಡಿದು ಸುಮ್ಮನಾಗುತ್ತವೆ, ದನಿ ಇಳಿಯುತ್ತಾ ಇಳಿಯುತ್ತಾ ಇನ್ನೇನು ನಿಂತೇಹೋಯಿತು ಅನ್ನಿಸುತ್ತದೆ. ಆ ಹೊತ್ತಿಗೆ ಸರಿಯಾಗಿ ಬಸೂನ್ ಎಂಬ ತಗ್ಗು ದನಿಯ ಊದುವ ವಾದ್ಯಗಳು ತಮ್ಮ ತಳದ ಸ್ವರವೊಂದನ್ನು ಶಕ್ತಿಯೆಲ್ಲ ಹಾಕಿ ಊದಿಬಿಡುತ್ತವೆ. ಅದು ವಾದಕರ ಕೈತಪ್ಪಲ್ಲ. ಅತಿ ಗಟ್ಟಿಯಾಗಿ ನುಡಿಸಬೇಕು ಎಂಬ ಸೂಚನೆಯನ್ನು ಹೈಡನ್ ಅಲ್ಲಿ ಬರೆದೇ ಇಟ್ಟಿದ್ದಾನೆ. 1792ರ ಫೆಬ್ರುವರಿಯಲ್ಲಿ ಲಂಡನ್ನಿನ ಸಭಿಕರ ಮುಂದೆ ಇದು ಮೊದಲ ಬಾರಿಗೆ ನುಡಿಯಿತು. ಆ ಸದ್ದು ಯಾವುದರ ಹಾಗಿದೆ ಎಂದು ಹೈಡನ್‌ಗೆ ತಿಳಿದಿರಲಿಲ್ಲ ಎಂದು ನಾನು ನಂಬಲಾರೆ. ಅವನು ಮಾಡಿದ ತಮಾಷೆಯನ್ನು ನಿಮ್ಮ ಮಗಳು ಅದೇ ಜಾಗದಲ್ಲಿ ಹಿಡಿದಿದ್ದಾಳೆ. ಪಾಶ್ಚಾತ್ಯ ಸಂಗೀತಗಾರರೂ ಆ ಸ್ವರದ ಬಗ್ಗೆ ಮಾತಾಡುವಾಗ ಇದೇ ಹೋಲಿಕೆ ಕೊಟ್ಟು ನಗುತ್ತಾರೆ. ಮುದ್ರಿತ ಪ್ರತಿಗಳ ಮೇಲೆ ಆ ಹೆಸರು ಬಂದಿಲ್ಲ, ಅಷ್ಟೇ.

ಇನ್ನು ಹೆಸರುಗಳ ಮೂಲದ ವಿಚಾರ. ಹೈಡನ್ನನ ಸಿಂಫನಿಗಳೆಂದು ಸಂಖ್ಯೆ ಪಡೆದವು 104. ಅವುಗಳಲ್ಲಿ ಸುಮಾರು ಮೂವತ್ತಕ್ಕೆ ಅಡ್ಡಹೆಸರಿದೆ. ಹೈಡನ್ ತಾನಾಗಿ ಇಟ್ಟದ್ದು ಬೆರಳೆಣಿಕೆಯಷ್ಟು. 1761ರಲ್ಲಿ ಎಸ್ಟರ್‌ಹಾಜಿ ಅರಮನೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬರೆದ 6, 7, 8ನೆಯ ಸಿಂಫನಿಗಳು ‘ಬೆಳಗು’, ‘ನಡುಹಗಲು’, ‘ಸಂಜೆ’ ಎಂಬ ಹೆಸರಿನಲ್ಲೇ ಹುಟ್ಟಿದವು. ಉಳಿದ ಬಹುತೇಕ ಹೆಸರುಗಳನ್ನು ಕೇಳುಗರು, ವಾದಕರು, ಪ್ರಕಾಶಕರು ಇಟ್ಟರು.

ನಿಮ್ಮ ಮಿತ್ರರಿಗೆ ಇನ್ನೊಂದು ಸಂಗತಿಯನ್ನೂ ತಿಳಿಸಿ. ನಾವು ಇಷ್ಟು ಗೌರವದಿಂದ ಹೇಳುವ ಸಂಖ್ಯೆಗಳೂ ಹೈಡನ್ ಕೊಟ್ಟವಲ್ಲ. ಅವನು ತೀರಿಕೊಂಡದ್ದು 1809ರಲ್ಲಿ. ಸುಮಾರು ನೂರು ವರ್ಷಗಳ ನಂತರ, 1907ರಲ್ಲಿ, ಯೂಸೇಬಿಯಸ್ ಮಾಂಡಿಚೆವ್ಸ್ಕಿ ಎಂಬ ವಿದ್ವಾಂಸ ಸಿಂಫನಿಗಳನ್ನೆಲ್ಲ ಸಾಲಾಗಿ ಜೋಡಿಸಿ 1ರಿಂದ 104ರವರೆಗೆ ಸಂಖ್ಯೆ ಹಾಕಿದ. ಆ ಸಾಲಿನಲ್ಲೂ ಹಿಂದುಮುಂದಾಗಿದೆ: 72ನೆಯದು ಎಂದು ಕರೆಯುವ ಸಿಂಫನಿ ವಾಸ್ತವದಲ್ಲಿ 1760ರ ದಶಕದ ಮೊದಲ ವರ್ಷಗಳದ್ದು. ಹೀಗಿರುವಾಗ ‘83’ ಎನ್ನುವುದು ಶಾಸ್ತ್ರ, ‘ಹೇಂಟೆ’ ಎನ್ನುವುದು ಹುಡುಗಾಟ ಎಂದು ಗೆರೆ ಎಳೆಯುವುದು ಹೇಗೆ? ಎರಡೂ ಹಿಂದಿನಿಂದ ಬಂದವರು ಅಂಟಿಸಿದ ಚೀಟಿಗಳೇ. ಒಂದು ಕಪಾಟಿನಲ್ಲಿ ಹುಡುಕಲು ನೆರವಾಗುತ್ತದೆ, ಇನ್ನೊಂದು ಕಿವಿಯಲ್ಲಿ ಹುಡುಕಲು.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಈ ತೊಂದರೆಯ ಅರಿವೇ ಇರುವುದಿಲ್ಲ. ನಮ್ಮ ಕೃತಿಗಳಿಗೆ ಸಾಹಿತ್ಯವಿದೆ. ‘ವಾತಾಪಿ’ ಎಂದರೆ ಸಾಕು, ‘ಎಂದರೋ’ ಎಂದರೆ ಸಾಕು, ರಾಗ, ತಾಳ, ಕರ್ತೃ ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದು ನಿಲ್ಲುತ್ತವೆ. ಸಿಂಫನಿಗೆ ಮಾತಿಲ್ಲ, ಕರೆಯಲು ಪಲ್ಲವಿಯಿಲ್ಲ. ಶ್ರುತಿಯ ಹೆಸರು ಹಿಡಿದು ಕರೆಯೋಣವೆಂದರೆ, ಹೈಡನ್ನನ ಕೊನೆಯ ಇಪ್ಪತ್ತು ಸಿಂಫನಿಗಳಲ್ಲೇ 88, 92, 94, 100 ಈ ನಾಲ್ಕೂ ಜಿ ಮೇಜರ್‌ನಲ್ಲಿವೆ. ಜನ ಅಡ್ಡಹೆಸರಿನ ಮೊರೆಹೋಗದೆ ಇನ್ನೇನು ಮಾಡಿಯಾರು?

‘ಹೇಂಟೆ’ಯನ್ನು ಹತ್ತಿರದಿಂದ ನೋಡೋಣ, ಒಳ್ಳೆಯ ಹೆಸರಿನ ಗುಣ ಮತ್ತು ಅಪಾಯ ಎರಡೂ ಅದರಲ್ಲಿವೆ. ಪ್ಯಾರಿಸ್ಸಿನ ಸಂಗೀತ ಸಂಸ್ಥೆಯೊಂದಕ್ಕಾಗಿ ಹೈಡನ್ 1785-86ರಲ್ಲಿ ಆರು ಸಿಂಫನಿಗಳನ್ನು ಬರೆದುಕೊಟ್ಟ, 82ರಿಂದ 87. ಅವುಗಳಲ್ಲಿ 83ನೆಯದು ಜಿ ಮೈನರ್. ಅದರ ಆರಂಭ ಕೇಳಿದರೆ ಕೋಳಿಯ ನೆನಪು ಯಾರಿಗೂ ಬರುವುದಿಲ್ಲ. ಗಡುಸಾದ, ಸಿಟ್ಟಿನ ಸಂಗೀತ ಅದು, ಒಂದೊಂದು ಸ್ವರವೂ ಮೇಜು ಗುದ್ದಿದಂತೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಗುಡುಗು ತಗ್ಗಿ, ಪಿಟೀಲುಗಳು ಸಣ್ಣಸಣ್ಣ ಗಮಕಗಳನ್ನು ಕೊಕ್ಕಿನಲ್ಲಿ ಹೆಕ್ಕಿದಂತೆ ಹೆಕ್ಕುತ್ತಾ ಹೊಸ ರಾಗವೊಂದನ್ನು ತೆಗೆಯುತ್ತವೆ. ಅದರ ಮೇಲೆ ಓಬೋ ಎಂಬ ಊದುವ ವಾದ್ಯ ಒಂದೇ ಸ್ವರವನ್ನು ಕುಂಟುಹೆಜ್ಜೆಯ ಲಯದಲ್ಲಿ ಮತ್ತೆ ಮತ್ತೆ ನುಡಿಯುತ್ತದೆ: ಕೊಕ್-ಕೊ, ಕೊಕ್-ಕೊ, ಕೊಕ್-ಕೊ. ಮೊಟ್ಟೆಯಿಟ್ಟು ಬುಟ್ಟಿಯಿಂದ ಹೊರಬಂದ ಹೇಂಟೆಯನ್ನು ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ. ಹೆಸರು ಹೈಡನ್ ಇಟ್ಟದ್ದಲ್ಲ, ಆದರೂ ಅದು ಸಂಗೀತದ ಒಂದು ನಿರ್ದಿಷ್ಟ ಜಾಗದ ಮೇಲೆ ಬೆರಳಿಟ್ಟು ತೋರಿಸುತ್ತದೆ. ಅದೇ ಅದರ ಗುಣ.

ಅಪಾಯ ಇರುವುದೂ ಅಲ್ಲೇ. ‘ಹೇಂಟೆ’ ಎಂದು ಮೊದಲೇ ಹೇಳಿ ಕೂರಿಸಿದರೆ ಮಕ್ಕಳು ಕೋಳಿಗಾಗಿ ಕಾಯುತ್ತಾರೆ. ಆರಂಭದ ಆ ಸಿಟ್ಟು ಅವರ ಕಿವಿಗೆ ತಾಗುವುದೇ ಇಲ್ಲ. ಆ ಸಿಟ್ಟಿನ ಪಕ್ಕದಲ್ಲೇ ಕೋಳಿ ಬಂದು ನಿಂತದ್ದರಿಂದ ನಗು ಹುಟ್ಟುತ್ತದೆ, ಸಿಟ್ಟು ಕೇಳಿಸದಿದ್ದರೆ ನಗುವೂ ಅರ್ಧ. ಹಾಗಾಗಿ ನನ್ನಲ್ಲಿ ಪಿಟೀಲು ಕಲಿಯಲು ಬರುವ ಮಕ್ಕಳಿಗೆ ನಾನು ಹೆಸರನ್ನು ಮುಂಚೆ ಹೇಳುವುದಿಲ್ಲ. ಪೂರ್ತಿ ಕೇಳಿಸಿ, ಆಮೇಲೆ ಅವರನ್ನೇ ಕೇಳುತ್ತೇನೆ. ನಿಮ್ಮ ಮನೆಯಲ್ಲೂ ಇದೊಂದು ಪದ್ಧತಿಯನ್ನು ಇಟ್ಟುಕೊಳ್ಳಿ ಎಂದು ಬೇಡುತ್ತೇನೆ.

‘ಕರಡಿ’ ಅದೇ ಗುಂಪಿನ 82ನೆಯದು. ಅದರ ಕೊನೆಯ ಭಾಗದಲ್ಲಿ ತಗ್ಗು ತಂತಿಗಳು ಶ್ರುತಿಪೆಟ್ಟಿಗೆಯ ಹಾಗೆ ಷಡ್ಜವನ್ನೇ ಹಿಡಿದು ಗುರುಗುಡುತ್ತವೆ, ಮೇಲೆ ಒರಟು ಕುಣಿತದ ಮಟ್ಟೊಂದು ಓಡುತ್ತದೆ. ಯೂರೋಪಿನ ಬೀದಿಗಳಲ್ಲಿ ಬ್ಯಾಗ್‌ಪೈಪ್ ಊದಿ ಕರಡಿ ಕುಣಿಸುವವರ ಸಂಗೀತ ಹೀಗೆಯೇ ಇರುತ್ತಿತ್ತು. ‘ಕರಡಿಯ ಕುಣಿತ’ ಎಂಬ ಹೆಸರು 1829ರ ಪಿಯಾನೋ ರೂಪಾಂತರವೊಂದರಲ್ಲಿ ಕಾಣಿಸಿಕೊಂಡಿತು, ಹೈಡನ್ ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ. 55ನೆಯದು ‘ಶಾಲಾ ಮೇಷ್ಟ್ರು’. ಅದರ ನಿಧಾನದ ಭಾಗದ ತಡೆತಡೆದು ಇಡುವ ಹೆಜ್ಜೆಯಲ್ಲಿ, ತೋರುಬೆರಳು ಆಡಿಸುತ್ತಾ ಬುದ್ಧಿ ಹೇಳುವ ಮೇಷ್ಟ್ರನ್ನು ಯಾರೋ ಕಂಡರು.

94ನೆಯದರ ಕಥೆ ಹೆಸರಿಡುವವರಿಗೆ ಒಂದು ಒಳ್ಳೆಯ ಪಾಠ. 1792ರ ಮಾರ್ಚ್ 23ರಂದು ಲಂಡನ್ನಿನಲ್ಲಿ ಮೊದಲು ನುಡಿದ ಸಿಂಫನಿ. ಎರಡನೆಯ ಭಾಗದ ಮಟ್ಟು ಮಗುವೂ ಹಾಡಬಹುದಾದಷ್ಟು ಸರಳ: ಸಸ ಗಗ ಪಪ ಗ, ಮಮ ರಿರಿ ನಿನಿ ಪ. ಅದನ್ನೇ ಎರಡನೆಯ ಸಲ ಇನ್ನೂ ಮೆಲ್ಲಗೆ ನುಡಿಸುತ್ತಾರೆ. ಆ ಸಾಲು ಮುಗಿಯುವ ಕ್ಷಣದಲ್ಲಿ ಇಡೀ ವಾದ್ಯವೃಂದ ಟಿಂಪನಿ ಎಂಬ ದೊಡ್ಡ ನಗಾರಿಯ ಜೊತೆ ಢಂ ಎನ್ನುತ್ತದೆ. ತೂಕಡಿಸುವವರನ್ನು ಎಬ್ಬಿಸಲು ಹೀಗೆ ಮಾಡಿದೆಯಾ ಎಂದು ಮುಂದೆ ಕೇಳಿದಾಗ ಹೈಡನ್ ಅಲ್ಲವೆಂದ. ಅದೇ ಊರಿನಲ್ಲಿ ತನ್ನ ಶಿಷ್ಯ ಪ್ಲೆಯೆಲ್ ಎದುರಾಳಿ ಕಚೇರಿಗಳನ್ನು ನಡೆಸುತ್ತಿದ್ದ, ಜನರನ್ನು ಹೊಸತೊಂದರಿಂದ ಬೆರಗುಗೊಳಿಸಬೇಕಿತ್ತು ಎಂಬುದು ಅವನ ಉತ್ತರ. ಇಂಗ್ಲಿಷರು ಇದನ್ನು ‘ಅಚ್ಚರಿ’ ಎಂದು ಕರೆದರು. ಆ ಹೆಸರು ತಾನೇ ಇಟ್ಟದ್ದು ಎಂದು ವಾದ್ಯವೃಂದದ ಕೊಳಲುವಾದಕ ಆಂಡ್ರ್ಯೂ ಆ್ಯಶ್ ಹೇಳಿಕೊಂಡ. ಜರ್ಮನ್ನರು ಅದನ್ನೇ ‘ಟಿಂಪನಿ ಪೆಟ್ಟಿನದು’ ಎನ್ನುತ್ತಾರೆ. ಜಾಗ ಒಂದೇ, ಒಬ್ಬರು ತಮಗಾದದ್ದನ್ನು ಹೇಳಿದರು, ಇನ್ನೊಬ್ಬರು ಕೇಳಿದ್ದನ್ನು ಹೇಳಿದರು. ನನಗೆ ಜರ್ಮನ್ ಹೆಸರೇ ಮೇಲು. ಅಚ್ಚರಿ ಎಂದು ಮೊದಲೇ ಸಾರಿಬಿಟ್ಟರೆ ಅಚ್ಚರಿ ಉಳಿಯುವುದೆಲ್ಲಿ?

ಎಲ್ಲ ಹೆಸರುಗಳೂ ಹೀಗೆ ಕಿವಿಯಿಂದ ಹುಟ್ಟಿದವಲ್ಲ. ಕೆಲವು ಅಂಗಡಿಯಿಂದ ಬಂದವು. 69ನೆಯದಕ್ಕೆ ಆಸ್ಟ್ರಿಯದ ದಂಡನಾಯಕ ಲೌಡನ್‌ನ ಹೆಸರಿದೆ. ಅದರ ಪಿಯಾನೋ ರೂಪಾಂತರ ಅಚ್ಚಾಗುವಾಗ, 1783ರಲ್ಲಿ, ಕೊನೆಯ ಭಾಗ ಪಿಯಾನೋಗೆ ಒಗ್ಗುವುದಿಲ್ಲ, ಅದನ್ನು ಬಿಟ್ಟರೂ ಚಿಂತೆಯಿಲ್ಲ, ಲೌಡನ್ ಎಂಬ ಹೆಸರು ಹತ್ತು ಅಂತಿಮ ಭಾಗಗಳಿಗಿಂತ ಹೆಚ್ಚು ಮಾರಾಟ ತರುತ್ತದೆ ಎಂಬರ್ಥದಲ್ಲಿ ಹೈಡನ್ನನೇ ಪ್ರಕಾಶಕನಿಗೆ ಬರೆದ. ಇನ್ನು ಕೆಲವು ಹೆಸರು ತಪ್ಪು ಮನೆಗೆ ಹೋದವು. ಕಚೇರಿ ಮುಗಿದಾಗ ಜನರೆಲ್ಲ ಹೈಡನ್ನನನ್ನು ಹತ್ತಿರದಿಂದ ನೋಡಲು ಮುಂದಕ್ಕೆ ನುಗ್ಗಿದರು, ಆಗ ಖಾಲಿಯಾದ ಜಾಗದ ಮೇಲೆ ದೊಡ್ಡ ತೂಗುದೀಪ ಕಳಚಿ ಬಿತ್ತು, ಯಾರಿಗೂ ಹೆಚ್ಚಿನ ಪೆಟ್ಟಾಗಲಿಲ್ಲ. 96ನೆಯ ಸಿಂಫನಿ ಇದರಿಂದಾಗಿ ‘ಪವಾಡ’ ಎನಿಸಿಕೊಂಡಿತು. ಆದರೆ ಆ ದೀಪ ಬಿದ್ದದ್ದು 1795ರ ಫೆಬ್ರುವರಿ 2ರಂದು, 102ನೆಯ ಸಿಂಫನಿ ಮೊದಲು ನುಡಿದ ರಾತ್ರಿ. ಪಾಪ, 102ನೆಯದು ಇಂದಿಗೂ ಹೆಸರಿಲ್ಲದೆ ಕುಳಿತಿದೆ, ಅಷ್ಟು ಸೊಗಸಾದ ಸಿಂಫನಿ.

ಅಡ್ಡಹೆಸರು ಎಂದರೆ ಅಗೌರವ ಎನ್ನುವವರಿಗೆ ನಾನು ಮೊಟ್ಸಾರ್ಟ್‌ನ ಒಂದು ಪತ್ರವನ್ನು ನೆನಪಿಸುತ್ತೇನೆ. 1787ರ ಜನವರಿ 15ರಂದು ಪ್ರಾಗ್ ನಗರದಿಂದ ಗೆಳೆಯ ಯಾಕ್ವಿನ್‌ಗೆ ಬರೆದದ್ದು. ದಾರಿಯುದ್ದಕ್ಕೂ ಗಾಡಿಯಲ್ಲಿ ಕೂತು ತಾವೆಲ್ಲ ಒಬ್ಬೊಬ್ಬರಿಗೂ ಹೊಸ ಹೆಸರು ಕಟ್ಟಿದ್ದನ್ನು ಅವನು ಹೇಳಿಕೊಳ್ಳುತ್ತಾನೆ. ತಾನು ಪುಂಕಿಟಿಟಿಟಿ, ಹೆಂಡತಿ ಕಾನ್‌ಸ್ಟಾಂಟ್ಸೆ ಶಾಬ್ಲಾ ಪುಂಫಾ, ಯಾಕ್ವಿನ್ ಹಿಂಕಿಟಿ ಹೊಂಕಿ. ಆಳಿಗೂ ನಾಯಿಗೂ ಹೆಸರು ಸಿಕ್ಕಿತು. ಅದಾಗಿ ನಾಲ್ಕೇ ದಿನಕ್ಕೆ, ಅದೇ ಊರಿನಲ್ಲಿ, ಅವನ 38ನೆಯ ಸಿಂಫನಿ ನುಡಿಯಿತು. ನಾಯಿಗೂ ಹೆಸರು ಕಟ್ಟಿದವನ ಆ ಸಿಂಫನಿಯನ್ನು ಮುಂದಿನವರು ಬರಿದೇ ‘ಪ್ರಾಗ್’ ಎಂದು ಊರ ಹೆಸರಿನಿಂದ ಕರೆದು ಕೈತೊಳೆದುಕೊಂಡರು. ನಿಮ್ಮ ಮಗಳು ಅದಕ್ಕೊಂದು ಹೆಸರು ಹುಡುಕಿದರೆ ಪುಂಕಿಟಿಟಿಟಿ ಬೇಸರಿಸಿಕೊಳ್ಳುವುದಿಲ್ಲ.

ಬ್ರುಕ್ನರ್ ಎಂದರೆ ಗಂಭೀರ, ದೈವಭಕ್ತ, ಚರ್ಚಿನ ಆರ್ಗನ್ ನುಡಿಸುತ್ತಿದ್ದವನು. ತನ್ನ ಮೊದಲ ಸಿಂಫನಿಯನ್ನು ಅವನು ಕರೆಯುತ್ತಿದ್ದ ಹೆಸರನ್ನು ಕನ್ನಡಕ್ಕೆ ತರುವುದಾದರೆ ‘ಬಜಾರಿ ಹುಡುಗಿ’ ಎನ್ನಬೇಕು. ಅದು ಸ್ವಂತ ಮಗಳ ಮೇಲಿನ ಪ್ರೀತಿಯ ಬೈಗುಳದಂಥದು. ಅವನ ಎರಡನೆಯ ಸಿಂಫನಿಗೆ ವಿಯೆನ್ನಾದ ವಾದಕರು ಇಟ್ಟ ಹೆಸರು ‘ನಿಲುಗಡೆಗಳ ಸಿಂಫನಿ’. ಮಧ್ಯೆ ಮಧ್ಯೆ ಇಡೀ ವಾದ್ಯವೃಂದ ಸುಮ್ಮನಾಗುವುದನ್ನು ಕಂಡು ಆಡಿಕೊಂಡದ್ದು. ಈ ಹೆಸರು ನನಗೆ ನೋವು ತರುತ್ತದೆ. ದೊಡ್ಡ ಕಲ್ಲಿನ ಚರ್ಚಿನಲ್ಲಿ ಆರ್ಗನ್ ನುಡಿಸಿ ಅಭ್ಯಾಸವಾದವನಿಗೆ ಕೈ ಎತ್ತಿದ ಮೇಲೂ ನಾದ ಗೋಡೆಗಳ ನಡುವೆ ತಿರುಗುತ್ತಲೇ ಇರುತ್ತದೆ, ಅದು ಅಡಗುವವರೆಗೆ ಕಾಯುವುದೂ ಸಂಗೀತವೇ. ಆಡಿಕೊಂಡವರು ಮೌನವನ್ನು ಎಣಿಸಿದರು, ಕೇಳಿಸಿಕೊಳ್ಳಲಿಲ್ಲ. ಎರಡೂ ತಮಾಷೆಯ ಹೆಸರುಗಳೇ, ಒಂದನ್ನು ಹತ್ತಿರ ಕೂತವರು ಇಟ್ಟರು, ಇನ್ನೊಂದನ್ನು ದೂರ ಸರಿದವರು. ಮಾಹ್ಲರ್‌ನ ಎಂಟನೆಯದಕ್ಕೆ ‘ಸಾವಿರ ಜನರ ಸಿಂಫನಿ’ ಎಂಬ ಹೆಸರು 1910ರ ಮ್ಯೂನಿಕ್ ಕಚೇರಿಯ ಪ್ರಚಾರಕ್ಕಾಗಿ ಬಂತು. ವೇದಿಕೆಯ ಮೇಲೆ ಸಾವಿರಕ್ಕೂ ಹೆಚ್ಚು ಜನ ಇದ್ದದ್ದು ನಿಜ, ಆದರೆ ಮಾಹ್ಲರ್‌ಗೆ ಆ ಹೆಸರು ಹಿಡಿಸಲಿಲ್ಲ. ತಲೆ ಎಣಿಸಿ ಇಟ್ಟ ಹೆಸರಿನಲ್ಲಿ ಸಂಗೀತದ ಸುಳಿವೇ ಇಲ್ಲವಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ. ಒಳ್ಳೆಯ ಹೆಸರನ್ನು ಕೇಳಿದವನು ಸಿಂಫನಿ ಹಾಕಿಕೊಂಡು ಕೂತರೆ, ಆ ಜಾಗ ಬಂದಾಗ ತಾನಾಗಿ ಗುರುತು ಹಿಡಿಯಬೇಕು. ನನಗೆ ಬೇಕಾದದ್ದು ಇಷ್ಟೇ. ಸಂಯೋಜಕನ ಮುಖ, ಮೀಸೆ, ಮದುವೆ ಇವುಗಳ ಮೇಲೆ ಕಟ್ಟಿದ ತಮಾಷೆ ಸಂಗೀತಕ್ಕೆ ಅಂಟುವುದಿಲ್ಲ. ನಾವು ಕನ್ನಡದಲ್ಲಿ ಯೋಚಿಸುವವರು ನಮ್ಮ ಮನೆಯ, ಬೀದಿಯ, ಸಂಗೀತಪಾಠದ ಅನುಭವದಿಂದಲೇ ಹೆಸರು ತೆಗೆಯಬೇಕು, ಆಗ ಅದು ನಿಲ್ಲುತ್ತದೆ.

ನಮ್ಮ ಮನೆಯ ಪಾಠದ ಕೋಣೆಯಲ್ಲಿ ನಿಂತುಹೋದ ಕೆಲವನ್ನು ಹೇಳುತ್ತೇನೆ. ಬೀಥೋವನ್‌ನ ಮೊದಲ ಸಿಂಫನಿ 1800ರ ಏಪ್ರಿಲ್ 2ರಂದು ವಿಯೆನ್ನಾದಲ್ಲಿ ನುಡಿಯಿತು. ಅದರ ಕೊನೆಯ ಭಾಗ ಒಂದು ದೊಡ್ಡ ಪಂಚಮದಿಂದ ಆರಂಭವಾಗುತ್ತದೆ. ಆಮೇಲೆ ಪಿಟೀಲುಗಳು ಮಾತ್ರ, ಅಳುಕುತ್ತಾ, ಪ ದ ನಿ ಎಂದು ಹತ್ತಿ ನಿಲ್ಲುತ್ತವೆ. ಮತ್ತೆ ಮೊದಲಿನಿಂದ ಪ ದ ನಿ ಸ. ಮತ್ತೆ ಪ ದ ನಿ ಸ ರಿ. ಪ್ರತಿ ಸಲ ಒಂದು ಸ್ವರ ಹೆಚ್ಚು. ಕೊನೆಗೆ ಧೈರ್ಯ ಬಂದು ಓಡಲು ಶುರು ಮಾಡುತ್ತವೆ. ಮೊದಲ ಸಲ ಕೇಳಿಸಿದಾಗ ಒಂಬತ್ತು ವರ್ಷದ ಹುಡುಗನೊಬ್ಬ, “ಇದು ಸರಳೆ ವರಸೆ!” ಎಂದು ಕೂಗಿದ. ಅಂದಿನಿಂದ ಅದು ನಮ್ಮಲ್ಲಿ ‘ಸರಳೆ ವರಸೆ ಸಿಂಫನಿ’. ಇದಕ್ಕಿಂತ ಸರಿಯಾದ ಹೆಸರು ವಿಯೆನ್ನಾದಲ್ಲೂ ಯಾರಿಗೂ ಹೊಳೆಯುತ್ತಿರಲಿಲ್ಲ, ಅಲ್ಲಿ ಸರಳೆ ವರಸೆ ಇರಲಿಲ್ಲವಲ್ಲ.

ಬೀಥೋವನ್‌ನ ಎಂಟನೆಯದಕ್ಕೆ ಜಗತ್ತಿನಲ್ಲಿ ಅಡ್ಡಹೆಸರಿಲ್ಲ. ನಾವು ಅದನ್ನು ‘ಹೋಗಿಬರುತ್ತೇನೆ’ ಎನ್ನುತ್ತೇವೆ. ನೆಂಟರು ಹೊರಟು ನಿಂತಿದ್ದಾರೆ, ಅರಿಶಿನ ಕುಂಕುಮ ಕೊಟ್ಟಾಗಿದೆ, ಚಪ್ಪಲಿ ಮೆಟ್ಟಿಯಾಗಿದೆ, ಗೇಟಿನ ಹತ್ತಿರ ಬಂದಾಗ ಹೊಸದೊಂದು ಮಾತು ಶುರುವಾಗುತ್ತದೆ, ಆ ಮಾತು ಒಳಗೆ ಆಡಿದ್ದಕ್ಕಿಂತ ಉದ್ದ. ಆ ಸಿಂಫನಿಯ ಕೊನೆಯ ಭಾಗವೂ ಹಾಗೆ. ಸುಮಾರು ಅರ್ಧಕ್ಕೇ ಹೇಳಬೇಕಾದದ್ದೆಲ್ಲ ಮುಗಿದ ಹಾಗಿರುತ್ತದೆ, ಉಳಿದ ಅರ್ಧ ಬೀಳ್ಕೊಡುಗೆ. ಕಟ್ಟಕಡೆಗೆ ಅದೇ ಎಫ್ ಮೇಜರ್ ನಾದವನ್ನು ಎಷ್ಟು ಸಲ ಬಡಿಯುತ್ತಾನೆಂದರೆ, ಇನ್ನು ಖಂಡಿತ ಹೊರಟರು ಎಂದುಕೊಂಡಾಗಲೆಲ್ಲ ಇನ್ನೊಂದು “ಬರ್ತೀವಿ” ಕೇಳಿಸುತ್ತದೆ.

ಹೈಡನ್ನನ 90ನೆಯದು, 1788ರದು, ಮಕ್ಕಳಿಗೆ ಅಚ್ಚುಮೆಚ್ಚು. ಕೊನೆಯ ಭಾಗ ಭರ್ಜರಿಯಾಗಿ ಮುಗಿಯುತ್ತದೆ. ನಾಲ್ಕು ಆವರ್ತದಷ್ಟು ಪೂರ್ಣ ಮೌನ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಗ ಅರ್ಧ ಸ್ವರ ಮೇಲಿನ ಶ್ರುತಿಯಲ್ಲಿ, ಏನೂ ಅರಿಯದವರ ಹಾಗೆ, ಅದೇ ಮಟ್ಟು ಮೆಲ್ಲಗೆ ಮುಂದುವರಿಯುತ್ತದೆ. ಆ ಭಾಗದ ಉತ್ತರಾರ್ಧವನ್ನು ಮರಳಿ ನುಡಿಸಬೇಕೆಂಬ ಗುರುತು ಇರುವುದರಿಂದ ಇದೇ ಮೋಸ ಎರಡನೆಯ ಸಲವೂ ನಡೆಯುತ್ತದೆ, ಎರಡನೆಯ ಸಲವೂ ಯಾರಾದರೂ ಒಬ್ಬರು ತಟ್ಟಿಯೇ ತಟ್ಟುತ್ತಾರೆ. ‘ಕೈ ತಡೆಯಿರಿ’ ಎಂಬುದು ಅದಕ್ಕೆ ನಮ್ಮಲ್ಲಿನ ಹೆಸರು. 88ನೆಯದರ ಮೊದಲ ಭಾಗ ಪೂರ್ತಿ ಟ್ರಂಪೆಟ್, ಟಿಂಪನಿ ನುಡಿಸುವವರು ಕೈಕಟ್ಟಿ ಕೂತಿರುತ್ತಾರೆ, ಎರಡನೆಯ ಭಾಗದ ಪ್ರಶಾಂತ ಮಟ್ಟಿನ ನಡುವೆ ಇದ್ದಕ್ಕಿದ್ದಂತೆ ಎದ್ದು ಗರ್ಜಿಸುತ್ತಾರೆ. ‘ತಡವಾಗಿ ಬಂದ ಮಾವ’ ಎಂದು ಒಬ್ಬಳು ಹೇಳಿದಳು. ಅವಳ ಮನೆಯಲ್ಲಿ ಅಂಥ ಮಾವನೊಬ್ಬರು ಇದ್ದಾರಂತೆ.

‘ಹೂಸಿನ ಸಿಂಫನಿ’ಯನ್ನು ಮನೆಯಲ್ಲಿ ಹಾಗೆಯೇ ಇಟ್ಟುಕೊಳ್ಳಿ. ಮಿತ್ರರು ಬಂದಾಗ ಹೆಸರು ಎತ್ತದೆ ಆ ಎರಡನೆಯ ಭಾಗವನ್ನು ಅವರ ಜೊತೆ ಕೂತು ಕೇಳಿ, ಬಸೂನ್ ಊದಿದ ಕ್ಷಣದಲ್ಲಿ ಅವರ ಮುಖ ನೋಡಿ.

ಮುಂದಿನ ಭಾನುವಾರಕ್ಕೆ ಹೈಡನ್ನನ 98ನೆಯದನ್ನು ಆರಿಸಿಕೊಳ್ಳಿ. 1792ರ ಮಾರ್ಚ್ 2ರಂದು ಲಂಡನ್ನಿನಲ್ಲಿ ಮೊದಲು ನುಡಿದದ್ದು. ಅದರ ಕೊನೆಯ ಭಾಗ ಮುಗಿಯುವ ಮುನ್ನ, ಅಲ್ಲಿಯವರೆಗೆ ಯಾರೂ ಗಮನಿಸಿರದ ಕೀಲಿಮಣೆ ವಾದ್ಯಕ್ಕೆ ಪುಟ್ಟದೊಂದು ತನಿ ಸಿಗುತ್ತದೆ. ಅಂದು ಅಲ್ಲಿ ಕೂತು ನುಡಿಸುತ್ತಿದ್ದವನು ಹೈಡನ್. ಎಲ್ಲ ಧ್ವನಿಮುದ್ರಣಗಳಲ್ಲೂ ಆ ತನಿಯನ್ನು ಸೇರಿಸಿರುವುದಿಲ್ಲ, ಇರುವಂಥದ್ದನ್ನು ಹುಡುಕಿ ಹಾಕಿ. ಈ ಸಿಂಫನಿಗೂ ಅಡ್ಡಹೆಸರಿಲ್ಲ. ಮಗಳಿಗೆ ಏನೂ ಹೇಳದೆ ಕೇಳಿಸಿ, ಅವಳು ಇಟ್ಟ ಹೆಸರನ್ನು ನನಗೂ ಬರೆದು ತಿಳಿಸಿ.